ಕಬಡ್ಡಿಗೆ ಮಣ್ಣಿನ ಅಂಕಣ: ಅಗೆತದಿಂದ ಗೆರೆಯವರೆಗೆ

ಊರ ಕಬಡ್ಡಿಯಲ್ಲಿ ಜಗಳ ಹುಟ್ಟುವ ಜಾಗ ಎರಡು: ಎದುರು ಅಂಗಳಕ್ಕೆ ನುಗ್ಗಿದ ರೈಡರ್‌ಗೆ ದಾಟಿದರೆ ಹೆಚ್ಚುವರಿ ಅಂಕ ತರುವ ಬೋನಸ್ ಗೆರೆ ಮತ್ತು ಅಂಕಣದ ಎರಡೂ ಪಕ್ಕದ ಪಟ್ಟಿಯಾದ ಲಾಬಿಯ ಅಂಚು. ಮಂಡಿ ತರಚುವುದಕ್ಕೆ, ಪಾದ ಉಳುಕುವುದಕ್ಕೆ ಕಾರಣ ಹುಡುಕಿದರೆ ಹೆಚ್ಚಿನ ಸಲ ಅದು ಮಣ್ಣಿನಲ್ಲೇ ಸಿಗುತ್ತದೆ. ಎರಡಕ್ಕೂ ಬೈಗುಳ ತಿನ್ನುವವನು ಮಾತ್ರ ರೆಫ್ರಿ. ಹಿಂದಿನ ದಿನ ಟೇಪು ಹಿಡಿದವರನ್ನು, ಮಣ್ಣು ತರಿಸಿದವರನ್ನು ಯಾರೂ ಕೇಳುವುದಿಲ್ಲ. ಅಂಕಣ ಮಾಡಲು ಹೊರಟವರು ಈ ಎರಡು ಕೆಲಸಕ್ಕೆ ಒಂದು ವಾರ ಇಟ್ಟುಕೊಳ್ಳಿ. ಪಂದ್ಯಾವಳಿಯ ಹಿಂದಿನ ರಾತ್ರಿ ಮಣ್ಣು ಸುರಿದು ಬೆಳಿಗ್ಗೆ ಗೆರೆ ಎಳೆದರೆ ಮಧ್ಯಾಹ್ನದ ಹೊತ್ತಿಗೆ ನೆಲವೆಲ್ಲ ಗುಂಡಿ ಬಿದ್ದಿರುತ್ತದೆ.

ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದು 12ಕ್ಕೆ 8. ಅಂಕಣದ ಸುತ್ತ 4 ಮೀಟರ್ ಖಾಲಿ ಇರಬೇಕು ಎನ್ನುತ್ತದೆ ನಿಯಮ. ಅಂದರೆ ಗಂಡಸರ ಆಟಕ್ಕೆ 21 ಮೀಟರ್ ಉದ್ದ, 18 ಮೀಟರ್ ಅಗಲದ ಜಾಗ ಬೇಕು. ಜನ ಸೇರಿದ ಹಾಗೆಲ್ಲ ಈ 4 ಮೀಟರ್ ಕರಗುತ್ತಾ ಬರುತ್ತದೆ. ಮೊದಲು ಕುರ್ಚಿಗಳು ಬರುತ್ತವೆ, ಆಮೇಲೆ ಸ್ಪೀಕರ್, ಕೊನೆಗೆ ಮಕ್ಕಳು. ಲಾಬಿಯಿಂದ ಹೊರಕ್ಕೆ ಎಸೆಯಲ್ಪಟ್ಟ ರೈಡರ್ ಬೀಳುವುದು ಆ ಕುರ್ಚಿಗಳ ಮೇಲೆಯೇ. ಹಗ್ಗ ಕಟ್ಟುವುದಾದರೆ 4 ಮೀಟರ್ ಆಚೆ ಕಟ್ಟಿ. ಕಬ್ಬಿಣದ ಸಲಾಕೆ ನೆಟ್ಟು ಕಟ್ಟಬೇಡಿ, ಬಿದಿರು ಸಾಕು.

ಉದ್ದವನ್ನು ಉತ್ತರ–ದಕ್ಷಿಣಕ್ಕೆ ಇಡಿ. ಎರಡು ತಂಡಗಳೂ ಉದ್ದಕ್ಕೆ ಮುಖ ಮಾಡಿ ನಿಲ್ಲುವುದರಿಂದ ಸಂಜೆಯ ಬಿಸಿಲು ಯಾರ ಕಣ್ಣಿಗೂ ನೇರವಾಗಿ ಹೊಡೆಯುವುದಿಲ್ಲ.

ಮಣ್ಣು

ಅಂಕಣಕ್ಕೆ ಕೆಮ್ಮಣ್ಣು ಚೆನ್ನ. ಬರೀ ಎರೆಮಣ್ಣಾದರೆ ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಕಾಲಿಗೆ ಮೆತ್ತಿಕೊಳ್ಳುತ್ತದೆ. ಬರೀ ಮರಳಾದರೆ ಕಾಲು ಹೂತು ರೈಡರ್‌ಗೆ ಪಕ್ಕಕ್ಕೆ ತಿರುಗಲು ಆಗುವುದಿಲ್ಲ. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಸಣ್ಣ ಮರಳು ಸೇರಿಸುವುದರಿಂದ ಶುರು ಮಾಡಿ. ಆಮೇಲೆ ಕೈಯಲ್ಲೇ ಪರೀಕ್ಷೆ. ಒಂದು ಹಿಡಿ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ ಬಿಗಿಯಾಗಿ ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಡಿ. ಮೂರು ನಾಲ್ಕು ಹೋಳಾದರೆ ಮಣ್ಣು ಸರಿ ಇದೆ. ಪುಡಿಪುಡಿಯಾದರೆ ಮರಳು ಹೆಚ್ಚಾಗಿದೆ, ಇಲ್ಲವೇ ತೇವ ಸಾಲದು. ಒಡೆಯದೆ ಚಪ್ಪಟೆಯಾಗಿ ಕೂತರೆ ಜೇಡಿ ಹೆಚ್ಚಾಗಿದೆ, ಇನ್ನಷ್ಟು ಮರಳು ಹಾಕಿ. ತೇವ ಬೇಗ ಆರುವ ಜಾಗವಾದರೆ ಹತ್ತು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ತೆಂಗಿನ ನಾರಿನ ಪುಡಿ ಬೆರೆಸಬಹುದು. ಮರದ ಹೊಟ್ಟನ್ನು ಜರಡಿ ಹಿಡಿಯದೆ ಹಾಕಬೇಡಿ, ಅದರಲ್ಲಿ ಸಿಬಿರು ಇದ್ದೇ ಇರುತ್ತದೆ.

ಧೂಳು ಏಳದಿರಲಿ ಎಂದು ಸಗಣಿ ಸಾರಿಸುವವರಿದ್ದಾರೆ. ಮನೆಯಂಗಳಕ್ಕೆ ಸರಿ, ಇಲ್ಲಿ ಬೇಡ. ತರಚಿದ ಮಂಡಿ ಆ ನೆಲಕ್ಕೆ ಉಜ್ಜುತ್ತದೆ, ಧನುರ್ವಾಯುವಿನ ಸೂಕ್ಷ್ಮಜೀವಿ ಸಗಣಿಯಲ್ಲೂ ಗೊಬ್ಬರ ಬಿದ್ದ ಮಣ್ಣಿನಲ್ಲೂ ಇರುತ್ತದೆ. ಕೊಟ್ಟಿಗೆಯ ಪಕ್ಕದ ಮಣ್ಣನ್ನೂ ತರಬೇಡಿ. ಮಣ್ಣಿನಲ್ಲಿ ಆಡುವವರು ಧನುರ್ವಾಯು ಚುಚ್ಚುಮದ್ದನ್ನು ಮೊದಲೇ ಹಾಕಿಸಿಕೊಂಡಿರಬೇಕು.

ಎಷ್ಟು ಮಣ್ಣು ಬೇಕು? ಸುತ್ತ ಒಂದೊಂದು ಮೀಟರ್ ಅಂಚು ಸೇರಿಸಿದರೆ 15ಕ್ಕೆ 12, ಒಟ್ಟು 180 ಚದರ ಮೀಟರ್. 10 ಸೆಂಟಿಮೀಟರ್ ದಪ್ಪಕ್ಕೆ 18 ಘನ ಮೀಟರ್. ರೋಲರ್ ಉರುಳಿಸಿದ ಮೇಲೆ ಮಣ್ಣು ಕುಸಿಯುವುದರಿಂದ ಇಪ್ಪತ್ತೆರಡು ಇಪ್ಪತ್ತಮೂರು ಘನ ಮೀಟರ್ ತರಿಸಬೇಕು. 100 ಘನ ಅಡಿ ಹಿಡಿಸುವ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಎಂಟು ಲೋಡು. ಒಂಬತ್ತನೆಯದನ್ನೂ ತರಿಸಿ ಮೂಲೆಯಲ್ಲಿ ಟಾರ್ಪಾಲು ಹೊದಿಸಿಡಿ. ಅದರ ಉಪಯೋಗ ಆಮೇಲೆ ಗೊತ್ತಾಗುತ್ತದೆ.

ಹಳೆಯ ನೆಲವನ್ನು 15 ಸೆಂಟಿಮೀಟರ್ ಅಗೆದು, ಹೆಂಟೆ ಒಡೆದು, ಕಲ್ಲು ಬೇರು ಆರಿಸಿ, ಮಟ್ಟ ಮಾಡಿ ಒಮ್ಮೆ ರೋಲರ್ ಹಾಯಿಸಿ. ಮಟ್ಟ ನೋಡಲು ಗಾರೆಯವರ ಹತ್ತಿರ ಇರುವ ನೀರಿನ ಪೈಪು ಸಾಕು. ನಾಲ್ಕು ಮೂಲೆಗೂ ನಡುವಿಗೂ ಗೂಟ ಹೊಡೆದು, ಪೈಪಿನ ನೀರು ನಿಂತ ಎತ್ತರವನ್ನು ಗೂಟದ ಮೇಲೆ ಗುರುತು ಹಾಕಿ. ಕಣ್ಣಂದಾಜು ನಂಬಬೇಡಿ, ಇಳಿಜಾರು ಜಾಗದಲ್ಲಿ ಕಣ್ಣು ಮೋಸ ಮಾಡುತ್ತದೆ. ಮಳೆನೀರು ಹರಿದುಹೋಗಲೆಂದು ಉದ್ದದ ನಡುಭಾಗಕ್ಕಿಂತ ಎರಡೂ ಪಕ್ಕದ ಅಂಚು ಮೂರು ಸೆಂಟಿಮೀಟರ್ ತಗ್ಗಿರಲಿ. ಆಡುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಹೊಸ ಮಣ್ಣನ್ನು ಐದಾರು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹಿಡಿದು, ಐದೈದು ಸೆಂಟಿಮೀಟರ್‌ನ ಎರಡು ಪದರವಾಗಿ ಹಾಕಿ. ಪ್ರತಿ ಪದರಕ್ಕೂ ನೀರು ಚಿಮುಕಿಸಿ, ಒಂದು ರಾತ್ರಿ ಬಿಟ್ಟು ರೋಲರ್ ಹಾಯಿಸಿ. ಹತ್ತೂ ಸೆಂಟಿಮೀಟರ್ ಒಟ್ಟಿಗೆ ಸುರಿದರೆ ಮೇಲಿನ ಪೊರೆ ಮಾತ್ರ ಗಟ್ಟಿಯಾಗಿ ಒಳಗೆ ಪೊಳ್ಳು ಉಳಿಯುತ್ತದೆ. ಎರಡನೇ ಪಂದ್ಯದಲ್ಲಿ ಹಿಮ್ಮಡಿ ಅಲ್ಲಿ ಕುಸಿಯುತ್ತದೆ, ಮೇಲಿನ ದೇಹ ತಿರುಗುತ್ತದೆ, ಮಂಡಿ ನಡುವೆ ಸಿಕ್ಕಿಕೊಳ್ಳುತ್ತದೆ. ರೋಲರ್ ಸಿಗದಿದ್ದರೆ 200 ಲೀಟರ್ ಡ್ರಮ್ಮಿಗೆ ನೀರು ತುಂಬಿ ಬಿರಡೆ ಬಿಗಿದು ಉರುಳಿಸಿ, 200 ಕಿಲೋ ತೂಕ ಸಿಗುತ್ತದೆ. ಅಂಚಿಗೂ ಮೂಲೆಗೂ ದಿಮ್ಮಸು. ಕೊನೆಗೆ ಹಲ್ಲುಕುಂಟೆಯಿಂದ ಮೇಲಿನ ಎರಡು ಸೆಂಟಿಮೀಟರನ್ನು ಮಾತ್ರ ಸಡಿಲಿಸಿ. ಹೆಬ್ಬೆರಳು ಒತ್ತಿದರೆ ಉಗುರಿನಷ್ಟು ಇಳಿದು ಅಲ್ಲಿಗೇ ನಿಲ್ಲಬೇಕು.

ಜರಡಿ ಹಿಡಿದಾಯಿತಲ್ಲ ಎಂದು ಸುಮ್ಮನಾಗಬೇಡಿ. ಆರು ಜನ ಒಂದು ಅಂಚಿನಲ್ಲಿ ಸಾಲಾಗಿ ಮಂಡಿಯೂರಿ, ಅಂಗೈಯಿಂದ ಮಣ್ಣು ಸವರುತ್ತಾ ಆ ತುದಿಯವರೆಗೂ ಹೋಗಲಿ. ಸಲಿಕೆಗೆ ಸಿಗದ ಮೊಳೆ, ಗಾಜಿನ ಚೂರು, ಬಳೆಯ ತುಂಡು ಅಂಗೈಗೆ ಸಿಗುತ್ತದೆ. ಬೆಳಕು ಓರೆಯಾಗಿ ಬೀಳುವ ಬೆಳಗ್ಗೆ ಈ ಕೆಲಸ ಮಾಡಿದರೆ ಗಾಜು ತಾನೇ ಮಿನುಗಿ ತೋರಿಸಿಕೊಳ್ಳುತ್ತದೆ. ಮಣ್ಣಿನ ಮೇಲೆ ಆಡುವುದು ಬರಿಗಾಲಲ್ಲಿ ಎಂಬುದು ನೆನಪಿರಲಿ.

ಗೆರೆ

ಅಳತೆಯನ್ನು ಮೂಲೆಯಿಂದ ಶುರು ಮಾಡಬೇಡಿ, ನಡುಗೆರೆಯಿಂದ ಮಾಡಿ. ರೈಡರ್ ದಾಟಬೇಕಾದ ಬಾಕ್ ಲೈನ್, ಅದರಾಚೆಯ ಬೋನಸ್ ಲೈನ್ ಎರಡನ್ನೂ ಅಳೆಯುವುದು ಅಲ್ಲಿಂದಲೇ. ಮೂಲೆಯಿಂದ ಹೊರಟರೆ ಅಲ್ಲಿ ಆದ ಒಂದು ಚಿಕ್ಕ ತಪ್ಪು ನಡುಗೆರೆಗೆ ಬರುವಷ್ಟರಲ್ಲಿ ಒಂದು ಅಂಗಳವನ್ನು ದೊಡ್ಡದು ಮಾಡಿ ಇನ್ನೊಂದನ್ನು ಚಿಕ್ಕದು ಮಾಡಿರುತ್ತದೆ.

ನಡುಗೆರೆಯ ಎರಡು ತುದಿಗೆ 10 ಮೀಟರ್ ಅಂತರದಲ್ಲಿ ಗೂಟ ಹೊಡೆಯಿರಿ. ಈಗ ಎರಡು ಟೇಪು ಬೇಕು. ಎಡಗೂಟದಿಂದ ಒಂದರಲ್ಲಿ 6.5 ಮೀಟರ್, ಬಲಗೂಟದಿಂದ ಇನ್ನೊಂದರಲ್ಲಿ 11.93 ಮೀಟರ್ ಎಳೆದು, ಎರಡೂ ಕೂಡುವ ಬಿಂದುವಿನಲ್ಲಿ ಮೂರನೇ ಗೂಟ ಹೊಡೆಯಿರಿ. ಅದೇ ಎಡಮೂಲೆ. ಟೇಪು ಅದಲು ಬದಲು ಮಾಡಿದರೆ ಬಲಮೂಲೆ. ಆಚೆ ಅಂಗಳಕ್ಕೂ ಹೀಗೇ. ನಾಲ್ಕೂ ಮೂಲೆ ಸಿಕ್ಕ ಮೇಲೆ ಓರೆಗೆರೆ ಎರಡನ್ನೂ ಅಳೆದು ನೋಡಿ, ಎರಡೂ 16.40 ಮೀಟರ್ ಬರಬೇಕು. ಒಂದು ಉದ್ದ, ಒಂದು ಗಿಡ್ಡ ಬಂತೋ, ಅಂಕಣ ಓರೆಯಾಗಿದೆ. ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗೂಟ ಕಿತ್ತು ಮತ್ತೆ ಹೊಡೆಯಿರಿ. ಹೆಂಗಸರ ಅಂಕಣದಲ್ಲಿ ಲೆಕ್ಕ ಇನ್ನೂ ಸಲೀಸು: ನಡುಗೆರೆ 8, ಪಕ್ಕ 6, ಓರೆ ಸರಿಯಾಗಿ 10. ಪೂರ್ತಿ ಅಂಕಣದ ಓರೆಗೆರೆ 14.42.

ಬಟ್ಟೆಯ ಟೇಪು ಎಳೆದಷ್ಟೂ ಉದ್ದವಾಗುತ್ತದೆ. ಉಕ್ಕಿನದ್ದು ತನ್ನಿ. ಇನ್ನೊಂದು ಮಾತು: ಗೆರೆ ಆಟದ ಜಾಗಕ್ಕೇ ಸೇರಿದ್ದು, ಅದರ ದಪ್ಪ 3ರಿಂದ 5 ಸೆಂಟಿಮೀಟರ್. ಹಾಗಾಗಿ 13, 10 ಎಂಬ ಅಳತೆ ಗೆರೆಯ ಹೊರ ಅಂಚಿನವರೆಗೆ. ದಾರದ ಒಳಬದಿಗೆ ಪುಡಿ ಬೀಳಬೇಕು. ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ ಹಾಕಿ ಬಿಟ್ಟರೆ ಅಷ್ಟು ಹೊತ್ತು ಅಳೆದದ್ದೆಲ್ಲ ದಂಡ.

ಒಳಗಿನ ಗೆರೆಗಳು ಹೀಗೆ. ಎರಡೂ ಪಕ್ಕದಲ್ಲಿ 1 ಮೀಟರ್ ಬಿಟ್ಟರೆ ಲಾಬಿ. ಗಂಡಸರಿಗೆ ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅಲ್ಲಿಂದ 1 ಮೀಟರ್ ಹಿಂದೆ ಬೋನಸ್ ಲೈನ್. ಹೆಂಗಸರಿಗೆ ಬಾಕ್ ಲೈನ್ 3 ಮೀಟರಿಗೆ, ಬೋನಸ್ 4ಕ್ಕೆ. ತಾಳೆ ನೋಡುವುದು ಸುಲಭ: ಗಂಡಸರ ಅಂಕಣದಲ್ಲಿ ಬೋನಸ್ ಗೆರೆಯಿಂದ ಹಿಂದಿನ ಗೆರೆಗೆ 1.75 ಮೀಟರ್ ಉಳಿಯಬೇಕು, ಹೆಂಗಸರದ್ದರಲ್ಲಿ 2 ಮೀಟರ್. ಔಟಾದವರು ಕೂರುವ ಜಾಗ ಹಿಂದಿನ ಗೆರೆಯಿಂದ 2 ಮೀಟರ್ ಆಚೆ.

ಬೋನಸ್ ಗೆರೆಗೆ ಯಾಕಿಷ್ಟು ಶಾಸ್ತ್ರ? ರೈಡರ್ ಅಲ್ಲಿ ಮಾಡುವುದನ್ನು ಹತ್ತಿರದಿಂದ ನೋಡಿ. ಮುಂದಿನ ಪಾದ ಗೆರೆ ದಾಟಿ ಬೆರಳ ತುದಿಯಲ್ಲಿ ಮಣ್ಣು ಮುಟ್ಟುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಪಾದ ನೆಲ ಬಿಟ್ಟಿರಬೇಕು. ರೆಫ್ರಿ ಒಂದೇ ಕ್ಷಣದಲ್ಲಿ ಎರಡು ಪಾದ, ಒಂದು ಗೆರೆ ನೋಡಬೇಕು. ಗೆರೆ ಒಂದು ಕಡೆ ಎಂಟು ಸೆಂಟಿಮೀಟರ್ ಹರಡಿ ಇನ್ನೊಂದು ಕಡೆ ಅಳಿಸಿಹೋಗಿದ್ದರೆ ತೀರ್ಪು ಕೊಡುವವರು ಯಾರು, ಅದನ್ನು ಒಪ್ಪುವವರು ಯಾರು.

ಗೆರೆಗೆ ಸುಟ್ಟ ಸುಣ್ಣ ಹಾಕಲೇಬೇಡಿ. ಅಗ್ಗ, ಬೆಳ್ಳಗೆ ಕಾಣುತ್ತದೆ, ನಿಜ. ಬೆವರಿನ ಮೈಗೆ ತಾಗಿದರೆ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಮುಖ ಅಡಿಯಾಗಿ ಬೀಳುವ ಆಟವಿದು. ಸೀಮೆಸುಣ್ಣದ ಪುಡಿ ತನ್ನಿ. ಗಂಡಸರ ಅಂಕಣದ ಎಲ್ಲ ಗೆರೆ ಕೂಡಿದರೆ ಸುಮಾರು 114 ಮೀಟರ್. 5 ಸೆಂಟಿಮೀಟರ್ ಅಗಲಕ್ಕೆ ತೆಳುವಾಗಿ ಎಳೆದರೆ ಒಂದು ಸಲಕ್ಕೆ ಆರು ಲೀಟರಿನಷ್ಟು ಪುಡಿ ಬೇಕು. ಇಡೀ ದಿನದ ಪಂದ್ಯಕ್ಕೆ ಇದರ ನಾಲ್ಕೈದು ಪಟ್ಟು ಇಟ್ಟುಕೊಳ್ಳಿ. ಮೊಳೆ ಹೊಡೆದು ಪಟ್ಟಿ ಕೂರಿಸುವುದೂ ಉಂಟು, ಆದರೆ ಸಡಿಲವಾದ ಒಂದು ಮೊಳೆ ಸಾಕು ಒಬ್ಬನ ಪಾದಕ್ಕೆ.

ಪುಡಿಯನ್ನು ಮುಷ್ಟಿಯಲ್ಲಿ ಉದುರಿಸಿದರೆ ಗೆರೆ ಹಾವಿನಂತೆ ಹರಿಯುತ್ತದೆ. ಎರಡು ನೇರವಾದ ರೀಪರ್ ಪಟ್ಟಿಗಳನ್ನು 5 ಸೆಂಟಿಮೀಟರ್ ಅಂತರದಲ್ಲಿ ಜೋಡಿಸಿ ಚೌಕಟ್ಟು ಮಾಡಿ, ದಾರಕ್ಕೆ ತಾಗಿಸಿಟ್ಟು, ನಡುವೆ ಟೀ ಸೋಸುವ ಜರಡಿಯಿಂದ ಪುಡಿ ಹಾಕಿ. ಎತ್ತಿ ಮುಂದಿಡಿ. ಒಳಗಿನ ಗೆರೆ ಮೊದಲು, ಹೊರಗಿನದು ಕೊನೆಗೆ. ಇಲ್ಲದಿದ್ದರೆ ನೀವೇ ತುಳಿದು ಅಳಿಸುತ್ತೀರಿ.

ಗೂಟಗಳನ್ನು ಈಗ ಕೀಳಬೇಕು, ಆದರೆ ಅದಕ್ಕೆ ಮೊದಲು ಪ್ರತಿ ಗೆರೆಯ ದಾರವನ್ನೂ ಎರಡೂ ಕಡೆಗೆ ನೇರವಾಗಿ 4 ಮೀಟರ್ ಆಚೆಗೆ ಬೆಳೆಸಿ, ಅಲ್ಲಿ ಸಾಕ್ಷಿ ಗೂಟ ಹೊಡೆದು ನೆಲಮಟ್ಟಕ್ಕೆ ಇಳಿಸಿಬಿಡಿ. ಯಾವುದು ಯಾವ ಗೆರೆಯದ್ದೆಂದು ತಲೆಯ ಮೇಲೆ ಬಣ್ಣದ ಗುರುತು ಇರಲಿ. ನಾಲ್ಕನೇ ಪಂದ್ಯದ ಹೊತ್ತಿಗೆ ಗೆರೆ ಅಳಿದಾಗ ಮತ್ತೆ ಟೇಪು ಹಿಡಿಯುವುದು ಬೇಡ, ದಾರ ಎಳೆದರೆ ಎರಡು ನಿಮಿಷದಲ್ಲಿ ಗೆರೆ ಸಿದ್ಧ. ಇದನ್ನು ಮಾಡದವರು ಹಳೆಯ ಗೆರೆಯ ಗುರುತಿನ ಮೇಲೆಯೇ ಪುಡಿ ಹಾಕುತ್ತಾ ಹೋಗುತ್ತಾರೆ, ಸಂಜೆಗೆ ಬೋನಸ್ ಗೆರೆ ಒಂದು ಗೇಣು ಸರಿದಿರುತ್ತದೆ.

ಪಂದ್ಯದ ದಿನ

ನೀರು ಹಾಕುವ ಹೊತ್ತು ಹಿಂದಿನ ಸಂಜೆ. ಚದರ ಮೀಟರಿಗೆ ಮೂರು ಲೀಟರ್ ಲೆಕ್ಕದಲ್ಲಿ 540 ಲೀಟರ್, ಪೈಪಿನ ಬಾಯಿಗೆ ಸಣ್ಣ ತೂತಿನ ಮೂತಿ ಕಟ್ಟಿ ಮಳೆಯಂತೆ ಬೀಳಿಸಿ. ರಾತ್ರಿಯಿಡೀ ನೀರು ಒಳಗಿಳಿದು ಬೆಳಿಗ್ಗೆ ಮೇಲ್ಮೈ ಆರಿರುತ್ತದೆ. ಆಗ ಕುಂಟೆ, ಆಮೇಲೆ ಹಲಗೆ ಎಳೆದು ಸಮ ಮಾಡಿ, ಕೊನೆಗೆ ಗೆರೆ. ಆಟಕ್ಕೆ ಅರ್ಧ ಗಂಟೆ ಮೊದಲು ನೀರು ಹಾಕಿದರೆ ಮೇಲಿನ ಪೊರೆ ಮಾತ್ರ ಲೋಳೆಯಾಗಿ, ಮೊದಲ ರೈಡರ್ ನಡುಗೆರೆ ದಾಟುವ ಮುಂಚೆಯೇ ಜಾರುತ್ತಾನೆ. ನಡುವೆ ಧೂಳೆದ್ದರೆ ಕೈಯಲ್ಲಿ ಚಿಮುಕಿಸಿದಷ್ಟೇ ಸಾಕು.

ಗುಂಡಿ ಬೀಳುವ ಜಾಗಗಳು ಯಾವಾಗಲೂ ಅವೇ: ಕಾರ್ನರ್ ಆಟಗಾರರು ಕಾಲೂರಿ ನಿಲ್ಲುವ ಹಿಂದಿನ ಎರಡು ಮೂಲೆ, ಬೋನಸ್ ಗೆರೆಯ ಎರಡು ತುದಿ, ರೈಡರ್ ಮೈ ಚಾಚಿ ಬೀಳುವ ನಡುಗೆರೆಯ ಪಕ್ಕ. ಎರಡು ಪಂದ್ಯಕ್ಕೊಮ್ಮೆ ಒಬ್ಬ ಬುಟ್ಟಿ ಹಿಡಿದು, ಒಬ್ಬ ದಿಮ್ಮಸು ಹಿಡಿದು ಅಷ್ಟು ಜಾಗ ತುಂಬಿ ಬರಲಿ. ಟಾರ್ಪಾಲಿನ ಕೆಳಗಿನ ಒಂಬತ್ತನೇ ಲೋಡು ಇದಕ್ಕೇ. ಬೇರೆ ಮಣ್ಣು ತಂದು ತುಂಬಿದರೆ ಅದು ಬೇರೆ ವೇಗದಲ್ಲಿ ಆರಿ ಗಟ್ಟಿ ತೇಪೆಯಾಗಿ ಎದ್ದು ನಿಲ್ಲುತ್ತದೆ.

2014ರಲ್ಲಿ ಪ್ರೊ ಕಬಡ್ಡಿ ಟೀವಿಗೆ ಬಂದ ಮೇಲೆ ಮ್ಯಾಟಿನ ಮೇಲಿನ ಡೈವುಗಳನ್ನು ಮಣ್ಣಿನ ಮೇಲೂ ಪ್ರಯೋಗಿಸುವ ಹುಡುಗರು ಹೆಚ್ಚಾಗಿದ್ದಾರೆ. ಮಣ್ಣು ಚರ್ಮವನ್ನು ಹಿಡಿದು ಎಳೆಯುತ್ತದೆ. ಮಂಡಿಗೂ ಮೊಣಕೈಗೂ ಪಟ್ಟಿ ಇಲ್ಲದೆ ಅಭ್ಯಾಸಕ್ಕೂ ಇಳಿಸಬೇಡಿ. ತರಚಿದ ಗಾಯಕ್ಕೆ ಅಂಕಣದ ಮಣ್ಣನ್ನೇ ಉಜ್ಜುವ ಚಟ ಹಳಬರಲ್ಲಿದೆ, ಅದನ್ನು ಬಿಡಿಸಿ ಸೋಪು ನೀರಲ್ಲಿ ತೊಳೆಸಿ.

ಹೊನಲು ಬೆಳಕಿನ ಪಂದ್ಯವಾದರೆ ದೀಪದ ಕಂಬ ಪಕ್ಕದ ಗೆರೆಗಳ ಕಡೆ ಇರಲಿ. ಹಿಂದಿನ ಗೆರೆಯ ಆಚೆ ನಿಲ್ಲಿಸಿದರೆ ರೈಡರ್ ಬೆಳಕಿಗೆ ಮುಖ ಕೊಟ್ಟೇ ಒಳಬರಬೇಕಾಗುತ್ತದೆ. ಒಂದೇ ಕಡೆ ದೀಪ ಹಾಕಿದರೂ ಕಷ್ಟ, ಏಳು ಜನರ ನೆರಳು ಬೋನಸ್ ಗೆರೆಯ ಮೇಲೆ ಮಲಗುತ್ತದೆ. ನೆಲ ಒದ್ದೆ, ಕಾಲು ಬರಿದು, ಆದ್ದರಿಂದ ವಯರು ನೆಲದ ಮೇಲೆ ಹಾಯದೆ ಎತ್ತರದಲ್ಲಿ ಹೋಗಬೇಕು, ವಿದ್ಯುತ್ ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಬೇಕು.

ನಡುವೆ ಮಳೆ ಹನಿದರೆ ಅಂಕಣಕ್ಕೆ ಟಾರ್ಪಾಲು ಹೊದಿಸಿ, ನಿಂತ ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ಅಡಿಯಲ್ಲೇ ಬೆವೆತು ಕೆಸರಾಗುತ್ತದೆ. ಈಗಾಗಲೇ ಕೆಸರಾಗಿದ್ದರೆ ಅದರ ಮೇಲೆ ಮರಳು ಎರಚಬೇಡಿ. ಕೆಸರನ್ನು ಹಲಗೆಯಿಂದ ಬಳಿದು ಹೊರಹಾಕಿ, ಒಣ ಮಣ್ಣು ಹರಡಿ, ಡ್ರಮ್ಮು ಉರುಳಿಸಿ, ಸಾಕ್ಷಿ ಗೂಟಕ್ಕೆ ದಾರ ಕಟ್ಟಿ. ಹೆಬ್ಬೆರಳು ಉಗುರಿಗಿಂತ ಆಳ ಇಳಿಯುತ್ತಿರುವಷ್ಟು ಹೊತ್ತು ಪಂದ್ಯ ಶುರು ಮಾಡಬೇಡಿ.