ಹುಲ್ಲುಗಾವಲಿನ ಸೋಡಿಯಂ ಮಣ್ಣನ್ನು ಗುರುತಿಸುವುದು ಹೇಗೆ?

ಅಮೆರಿಕದ ಮೊಂಟಾನಾ, ದಕ್ಷಿಣ ಡಕೋಟಾ ಕಡೆ ಚಳಿ ಜಾಸ್ತಿ, ಮಳೆ ಕಡಿಮೆ. ಸೋಡಿಯಂ ಮಣ್ಣು ಅಂದರೆ ಜೇಡಿಕಣಗಳಿಗೆ ಸೋಡಿಯಂ ಅತಿಯಾಗಿ ಅಂಟಿಕೊಂಡ ಮಣ್ಣು. ಅಲ್ಲಿನ ಹುಲ್ಲುಗಾವಲಲ್ಲಿ ಅದನ್ನು ಗುರುತಿಸಲು ಮೊದಲು ಬೋಳು ತೇಪೆಗಳನ್ನು ಹುಡುಕಿ. ಸುತ್ತ ಹುಲ್ಲಿದ್ದರೂ ಅಲ್ಲಿ ಏನೂ ಬೆಳೆದಿರುವುದಿಲ್ಲ; ಮಳೆ ಬಂದರೆ ಜಾರುತ್ತದೆ, ಒಣಗಿದರೆ ಹೆಂಚಿನ ಹಾಗೆ ಗಟ್ಟಿ. ಬಿಳಿ ಪುಡಿ ಕಂಡ ಕೂಡಲೇ ಸೋಡಿಯಂ ಅನ್ನಬೇಡಿ, ಅದು ಬೇರೆ ಉಪ್ಪೂ ಇರಬಹುದು ಅಲ್ವಾ?

ಸಲಿಕೆ ತಗೊಂಡು ಒಂದಡಿ ಅಗೆಯಿರಿ. ಮೇಲೆ ತೆಳುವಾದ ಬಿಳಿಚಿದ ಮಣ್ಣು, ಅದರ ಕೆಳಗೆ ಒತ್ತೊತ್ತಾಗಿ ನಿಂತ ಜೇಡಿಮಣ್ಣಿನ ಕಂಬಗಳು, ಅವುಗಳ ತಲೆ ಬನ್ನಿನ ಹಾಗೆ ದುಂಡಗೆ, ಬೇರುಗಳು ಒಳಗೆ ನುಗ್ಗಲಾರದೆ ಸಂದಿಗಳಲ್ಲೇ ಚಪ್ಪಟೆಯಾಗಿ ಇಳಿದಿರುವುದು ಕಂಡರೆ ಬಹುಮಟ್ಟಿಗೆ ಖಾತ್ರಿ. ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ.

ಆ ಕಂಬದಿಂದ ಬಟಾಣಿ ಗಾತ್ರದ ಒಣ ಹೆಂಟೆ ಮುರಿದು ಡಿಸ್ಟಿಲ್ಡ್ ವಾಟರ್‌ಗೆ ಸುಮ್ನೆ ಬಿಡಿ, ಕಲಕಬೇಡಿ. ಸುತ್ತ ಹಾಲಿನಂಥ ಮೋಡ ಹರಡಿದರೆ ಸೋಡಿಯಂ ಜೇಡಿಕಣಗಳನ್ನು ಬಿಡಿಸುತ್ತಿದೆ ಅಂತ. ಉಪ್ಪೂ ಜಾಸ್ತಿ ಇದ್ದರೆ ಮೋಡ ಏಳದೇ ಇರಬಹುದು, ಹಾಗಾಗಿ ಲ್ಯಾಬಿಗೂ ಕಳಿಸಿ: ಎಸ್‌ಎಆರ್ (ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟಿದೆ ಅನ್ನುವ ಅಳತೆ) 13 ದಾಟಿದರೆ ಸೋಡಿಯಂ ಮಣ್ಣೇ, ಉಪ್ಪು ಕಡಿಮೆಯಿದ್ದರೆ ಪಿಎಚ್ ಸಾಮಾನ್ಯವಾಗಿ 8.5ಕ್ಕಿಂತ ಮೇಲಿರುತ್ತದೆ.

ಇಂಥ ಮಣ್ಣು ಸರಿಪಡಿಸಲು ಸೋಡಿಯಂ ಬಿಡಿಸುವ ಜಿಪ್ಸಂ ಹಾಕಿದರೂ ಅದು ಕೆಳಗೆ ತೊಳೆದುಹೋಗಲು ನೀರು ಬೇಕು, ಅಲ್ಲಿ ನೀರೇ ಕಡಿಮೆ. ನೆಲ ಒದ್ದೆಯಿದ್ದಾಗ ದನ ಬಿಡಬೇಡಿ, ಉಳಲೂ ಬೇಡಿ.