ಸ್ವೀಡಿಷ್, ಡ್ಯಾನಿಷ್ ಕ್ರಿಯಾಪದಗಳ ಜಾಡು ಹಿಡಿಯುವುದು ಹೇಗೆ?

ಸ್ವೀಡಿಷ್ ಕಲಿಯಲು ಶುರು ಮಾಡಿದರೆ ಸ್ವಲ್ಪ ದಿನಕ್ಕೇ ಅನಿಯಮಿತ ಕ್ರಿಯಾಪದಗಳ ಉದ್ದನೆ ಪಟ್ಟಿಯೊಂದು ಕೈಗೆ ಬರುತ್ತದೆ. ಬಾಯಿಪಾಠ ಮಾಡಿ ಅಂತಾರೆ. ಮಾಡಿ, ಬೇಡ ಅನ್ನಲ್ಲ. ಆದರೆ ಆ ಪಟ್ಟಿ ಇವತ್ತಿನದು ಮಾತ್ರ. ನೂರು ವರ್ಷದ ಹಿಂದಿನ ಪಟ್ಟಿ ಬೇರೆ ಇತ್ತು, ಪಕ್ಕದ ಡೆನ್ಮಾರ್ಕಿನದು ಇವತ್ತಿಗೂ ಬೇರೆಯೇ. ಯಾವುದು ಹೇಗೆ ಬದಲಾಯಿತು ಅಂತ ಮನೆಯಲ್ಲೇ ಕೂತು, ದುಡ್ಡು ಖರ್ಚಿಲ್ಲದೆ ನೋಡಬಹುದು.

ಮೊದಲು ಎರಡು ಗುಂಪು ತಿಳಿದಿರಲಿ. ನಮ್ಮಲ್ಲಿ ಮಾಡು–ಮಾಡಿದ ಒಂದು ಥರ, ನಗು–ನಕ್ಕ ಇನ್ನೊಂದು ಥರ ಅಲ್ವಾ? ಅಲ್ಲೂ ಹಾಗೇ. ಬಾಲ ಅಂಟಿಸಿದರೆ ಸಾಕು ಅನ್ನುವಂಥವು ವೀಕ್. ಒಳಗಿನ ಸ್ವರವೇ ಬದಲಾಗುವಂಥವು ಸ್ಟ್ರಾಂಗ್. (ಮುಂದೆ ಬರುವ ಪದಗಳನ್ನು ಸ್ಪೆಲ್ಲಿಂಗ್ ನೋಡಿ ಬರೆದಿದ್ದೇನೆ, ಉಚ್ಚಾರಣೆ ಎಷ್ಟೋ ಕಡೆ ಬೇರೆ ಇರುತ್ತದೆ.)

ಶುರು ಮಾಡಲು ಒಳ್ಳೆ ಜಾಗ ಬೈಬಲ್. ಭಕ್ತಿಗಲ್ಲ, ಒಂದೇ ವಾಕ್ಯ ಬೇರೆ ಬೇರೆ ಕಾಲದ ಭಾಷೆಯಲ್ಲಿ ಸಿಗುತ್ತದೆ ಅಂತ. 1917ರ ಸ್ವೀಡಿಷ್ ಬೈಬಲ್ ತೆಗೆದು ಮತ್ತಾಯನ 2ನೇ ಅಧ್ಯಾಯದ 11ನೇ ವಚನ ನೋಡಿ, ಜ್ಞಾನಿಗಳು ಮಗುವನ್ನು ನೋಡಲು ಬರುವ ಭಾಗ. ಅವರು ಒಳಗೆ ಹೋದರು, ಕಂಡರು, ಅಡ್ಡಬಿದ್ದರು, ಕೊಟ್ಟರು, ತೆಗೆದರು, ಹೀಗೆ ಕ್ರಿಯಾಪದಗಳ ಸಾಲೇ ಇದೆ: ಗಿಂಗೊ, ಫಿಂಗೊ, ಫೊಲ್ಲೊ, ಗೋವೊ, ತೋಗೊ. ಎಲ್ಲದರ ಕೊನೆಗೂ 'ಒ' ಇದೆ ನೋಡಿ, ಅದು ಬಹುವಚನದ ಗುರುತು. ಇವತ್ತು ಒಬ್ಬ ಹೋದರೂ ಹತ್ತು ಜನ ಹೋದರೂ ಗಿಕ್, ಒಬ್ಬ ಕೊಟ್ಟರೂ ಹತ್ತು ಜನ ಕೊಟ್ಟರೂ ಗಾವ್. ಮಾತಿನಲ್ಲಿ ಈ ಬಹುವಚನ ರೂಪ ಬಹಳ ಹಿಂದೆಯೇ ಬಿದ್ದುಹೋಗಿತ್ತು, ಬರವಣಿಗೆ ಮಾತ್ರ ಬಿಡದೆ ಹಿಡಿದುಕೊಂಡಿತ್ತು. ಸುದ್ದಿಸಂಸ್ಥೆ ಟಿಟಿ 1945ರಲ್ಲಿ ಅದನ್ನು ಕೈಬಿಟ್ಟಿತು. ಹಾಗಾಗಿ ಹಳೇ ಪುಸ್ತಕ ಓದುವಾಗ ಫುನ್ನೊ, ಬುರೊ ಅಂತ ಸಿಕ್ಕಿದರೆ ಗಾಬರಿ ಬೇಡ. ಫನ್ (ಕಂಡುಕೊಂಡ), ಬಾರ್ (ಹೊತ್ತ) ಇವುಗಳ ಬಹುವಚನ ಅಷ್ಟೇ.

ಮುಂದಿನ ಕೆಲಸ, ಅಕ್ಕಪಕ್ಕದ ಭಾಷೆ ಇಟ್ಟು ನೋಡುವುದು. ಒಂದು ಹಾಳೆಯಲ್ಲಿ ಐಸ್‌ಲ್ಯಾಂಡಿಕ್, ಸ್ವೀಡಿಷ್, ಡ್ಯಾನಿಷ್ ಅಂತ ಮೂರು ಕಾಲಂ ಹಾಕಿ. ಐಸ್‌ಲ್ಯಾಂಡಿಕ್ ಯಾಕೆ ಅಂದರೆ ಹಳೆಯ ರೂಪಗಳು ಅಲ್ಲೇ ಜಾಸ್ತಿ ಉಳಿದಿವೆ. 'ನಾನು ಕಂಡುಕೊಂಡೆ' ಅನ್ನಲು ಅಲ್ಲಿ ಫನ್, 'ನಾವು ಕಂಡುಕೊಂಡೆವು' ಅನ್ನಲು ಫುಂದುಮ್. ಸ್ವರ ಇನ್ನೂ ಬದಲಾಗುತ್ತದೆ, ಸ್ವೀಡಿಷ್ ಕಳೆದುಕೊಂಡಿದ್ದು ಅಲ್ಲಿ ಹಾಗೇ ಇದೆ.

ಆದರೆ ಐಸ್‌ಲ್ಯಾಂಡಿಕ್ ಅಂದರೆ ಎಲ್ಲ ಹಳೆಯದೇ ಅಂದುಕೊಂಡರೆ ಕೆಟ್ಟಿರಿ. 'ಸಹಾಯ ಮಾಡು' ಅನ್ನುವ ಪದ ನೋಡಿ. ಈ ಮೂರೂ ಭಾಷೆಗಳ ಹಿಂದಿನ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ಅದು ಸ್ಟ್ರಾಂಗ್, ಭೂತಕಾಲ ಹಾಲ್ಪ್. ಡ್ಯಾನಿಷ್‌ನಲ್ಲಿ ಇವತ್ತಿಗೂ ಸ್ಟ್ರಾಂಗೇ, ಹ್ಯಾಲ್ಪ್. ಸ್ವೀಡಿಷ್‌ನಲ್ಲಿ ಹ್ಯೆಲ್ಪ್ತೆ ಆಗಿ ವೀಕ್ ಗುಂಪಿಗೆ ಹೋಯಿತು. ಐಸ್‌ಲ್ಯಾಂಡಿಕ್ ಕೂಡ ಅದೇ ದಾರಿ ಹಿಡಿದು ಬಾಲ ಅಂಟಿಸಿಕೊಂಡಿದೆ. ಈ ಒಂದು ಪದದ ಮಟ್ಟಿಗೆ ಹಳೆಯದನ್ನು ಕಾಪಾಡಿದ್ದು ಡ್ಯಾನಿಷ್! ಅದಕ್ಕೇ ಹೇಳೋದು, ಭಾಷೆ ನೋಡಿ ತೀರ್ಮಾನ ಮಾಡಬೇಡಿ, ಒಂದೊಂದು ಪದವನ್ನೂ ಬೇರೆಯಾಗಿ ನೋಡಿ.

ಉಲ್ಟಾ ಕೂಡ ಆಗುತ್ತದೆ. ಸ್ಟ್ರಾಂಗ್ ಇದ್ದದ್ದು ವೀಕ್ ಆಗುವುದೇ ಜಾಸ್ತಿ ಅನ್ನುವುದು ನಿಜ, ಆದರೆ 'ಬರೆ' ಅನ್ನುವ ಪದ ಎದುರು ದಿಕ್ಕಿನಲ್ಲಿ ಹೋಗಿದೆ. ಐಸ್‌ಲ್ಯಾಂಡಿಕ್‌ನಲ್ಲಿ ಅದು ಸ್ಕ್ರಿಫಾದಿ, ಬಾಲ ಇರುವ ವೀಕ್ ರೂಪ. ಸ್ವೀಡಿಷ್, ಡ್ಯಾನಿಷ್‌ಗಳಲ್ಲಿ ಸ್ಕ್ರೇವ್. ಲ್ಯಾಟಿನ್ ಮೂಲದ ಪದ, ಹೊರಗಿಂದ ಬಂದಿದ್ದು, ಆದರೂ 'ಕಚ್ಚು' ಅನ್ನುವ ಬೀತ–ಬೇತ್ ಥರದ ಊರಿನ ಹಳೇ ಪದಗಳ ಜೊತೆ ಸೇರಿಕೊಂಡು ಅವುಗಳ ಹಾಗೇ ನಡೆಯುತ್ತಿದೆ.

ನನಗೆ ತುಂಬಾ ಇಷ್ಟವಾದ ಸುಳಿವು ಮಾತ್ರ ಇನ್ನೊಂದು. ಕ್ರಿಯಾಪದ ವೀಕ್ ಆದ ಮೇಲೂ ಅದರ ಹಳೆಯ ರೂಪ ಎಲ್ಲೋ ವಿಶೇಷಣವಾಗಿ ಉಳಿದುಬಿಡುತ್ತದೆ. 'ಬೆಳೆ' ಅನ್ನಲು ಡ್ಯಾನಿಷ್‌ನಲ್ಲಿ ವೊಕ್ಸೆ, ಭೂತಕಾಲ ವೊಕ್ಸೆದೆ, ಶುದ್ಧ ವೀಕ್. ಆದರೆ ದೊಡ್ಡವರಿಗೆ, ಅಂದರೆ ವಯಸ್ಕರಿಗೆ, ವೊಕ್ಸೆನ್ ಅಂತಾರೆ. ಆ ಕೊನೆಯ 'ಎನ್' ಸ್ಟ್ರಾಂಗ್ ಕ್ರಿಯಾಪದದ ಗುರುತು. ಸ್ವೀಡಿಷ್‌ನಲ್ಲೂ ಭೂತಕಾಲ ವೆಕ್ಸ್ತೆ, ವಯಸ್ಕರು ಮಾತ್ರ ವುಕ್ಸೆನ್. ಐಸ್‌ಲ್ಯಾಂಡಿಕ್‌ನಲ್ಲಿ ಭೂತಕಾಲ ಇನ್ನೂ ಓಕ್ಸ್, ಬಾಲವೇ ಇಲ್ಲ. ಹಾಗಾಗಿ ವೀಕ್ ಕ್ರಿಯಾಪದದ ಪಕ್ಕದಲ್ಲಿ 'ಎನ್' ಅಂತ ಮುಗಿಯುವ ವಿಶೇಷಣ ಕಂಡರೆ ಸುಮ್ನೆ ಬಿಡಬೇಡಿ, ಕೆದಕಿ.

ಕೆದಕುವುದು ಎಲ್ಲಿ? ಸ್ವೀಡಿಷ್‌ಗೆ ಸ್ವೀಡಿಷ್ ಅಕಾಡೆಮಿಯ ದೊಡ್ಡ ನಿಘಂಟು. 1898ರಲ್ಲಿ ಮೊದಲ ಸಂಪುಟ ಬಂತು, 2023ರಲ್ಲಿ ಮುಗಿಯಿತು, ಆನ್‌ಲೈನ್‌ನಲ್ಲಿ ಉಚಿತ. ಪದದ ಕೆಳಗೆ ಹಳೆಯ ರೂಪಗಳು, ಅವು ಸಿಕ್ಕ ಇಸವಿ ಎಲ್ಲ ಕೊಟ್ಟಿರುತ್ತಾರೆ. ಅಕ್ಷರ ಸಣ್ಣ, ಸಂಕ್ಷೇಪಗಳು ಜಾಸ್ತಿ, ಮೊದಮೊದಲು ತಲೆ ಕೆಡುತ್ತದೆ. ಡ್ಯಾನಿಷ್‌ಗೆ 1700ರಿಂದ 1950ರವರೆಗಿನ ಭಾಷೆಯ ನಿಘಂಟು ಇದೆ, ಅದೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಶುರುವಿಗೆ ಸ್ವೀಡಿಷ್‌ನ 'ಮುಳುಗು ಹಾಕು' ಅನ್ನುವ ದೀಕ ತೆಗೆದುಕೊಳ್ಳಿ. ಅದಕ್ಕೆ ಇವತ್ತು ದೋಕ್, ದೀಕ್ತೆ ಎರಡೂ ನಡೆಯುತ್ತವೆ. ಎರಡರಲ್ಲಿ ಮೊದಲು ಕಾಣಿಸಿಕೊಂಡಿದ್ದು ಯಾವುದು ಅಂತ ಇಸವಿ ನೋಡಿ ಹುಡುಕಿ.