ಮಡಿಕೇರಿ ಮಳೆಯಲ್ಲಿ ಸೀತಾಳೆ ಬೀಜ ಮೊಳೆಸಿದ್ದು: ನನ್ನ ಅನುಭವ

ಕೊನೆಗೂ ಆಯಿತು. ಮನೆ ಹಿಂದಿನ ಹಲಸಿನ ಮರದಲ್ಲಿ ಈಗ ನಲವತ್ತು ಚಿಲ್ಲರೆ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಕಾಡು ಆರ್ಕಿಡ್) ಸಸಿಗಳು ಬೇರು ಹಿಡಿದು ಕೂತಿವೆ. ಎಲ್ಲವೂ ಬಾಟಲಿಯಲ್ಲಿ, ಸಕ್ಕರೆ ಬೆರೆಸಿದ ಜೆಲ್ಲಿಯ ಮೇಲೆ ಬಿತ್ತಿದ ಬೀಜದಿಂದ ಹುಟ್ಟಿದವು. ಹುಟ್ಟಿದ್ದು ಮಡಿಕೇರಿಯಲ್ಲೇ, ಹಳೇ ಕಾಫಿ ಗೋದಾಮಿನ ಮೂಲೆಯ ಹತ್ತಡಿ ಕೋಣೆಯಲ್ಲಿ. "ಮಳೆಗಾಲದಲ್ಲಿ ಇಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತೆ, ಸಕ್ಕರೆ ಹಾಕಿದ ಬಾಟಲಿ ಉಳಿಯುತ್ತಾ?" ಅಂತ ಕೇಳದವರಿಲ್ಲ. ಟಿಶ್ಯೂ ಕಲ್ಚರಿನಲ್ಲೇ ತಲೆ ನರೆತ ಬೆಂಗಳೂರಿನ ಗೆಳೆಯರೊಬ್ಬರು ಫೋನ್ ಮಾಡಿ, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣು ಕೊಲ್ಲುವ ಯಂತ್ರ) ಇಲ್ಲದೆ ಇದು ಆಗದ ಕೆಲಸ, ದುಡ್ಡು ಹಾಳು ಮಾಡ್ಬೇಡ ಅಂದರು. ಹೋದ ತಿಂಗಳು ಅವರಿಗೆ ಫೋಟೋ ಕಳಿಸಿದೆ.

ಕಾಲೇಜಿನ ಲ್ಯಾಬಿನಲ್ಲಿ ಹದಿನೆಂಟು ವರ್ಷ ಇದ್ದವನು ನಾನು. ಬಿಟ್ಟು ತೋಟಕ್ಕೆ ಬಂದ ಮೇಲೆ ಸಂಬಳ ನೆನಪಾಗಲಿಲ್ಲ. ನೆನಪಾಗುತ್ತಿದ್ದದ್ದು ಬೆಳಿಗ್ಗೆ ಬಾಗಿಲು ತೆಗೆದಾಗ ಬರುವ ಸ್ಪಿರಿಟ್ ವಾಸನೆ. ಜೆಲ್ಲಿ ಕಟ್ಟಿಸುವ ಅಗರ್ ಕರಗಿ ತಿಳಿಯಾಗುವ ಆ ಗಳಿಗೆ. ನಿನ್ನೆ ಇಟ್ಟದ್ದು ಇವತ್ತು ಏನಾಗಿದೆ ಅಂತ ನೋಡುವ ಆಸೆ. ಅದಕ್ಕೇ ಕೋಣೆ ಕಟ್ಟಿದೆ, 2021ರಲ್ಲಿ.

ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ. ಸೋಸಿದ ಗಾಳಿ ಬೀಸುವ ಹೊಸ ಲ್ಯಾಮಿನಾರ್‌ಗೆ ಅರವತ್ತು ಸಾವಿರದ ಮೇಲೆ ಕೇಳಿದರು. ನಾನು ಬೂಸ್ಟಿನ ಕಣ ತಡೆಯುವ ಹೆಪಾ ಫಿಲ್ಟರ್ ಮತ್ತು ಬ್ಲೋವರ್ ತರಿಸಿ, ನಮ್ಮ ಬಡಗಿಯಿಂದ ಪ್ಲೈವುಡ್ ಪೆಟ್ಟಿಗೆ ಹೊಡೆಸಿದೆ. ಎಲ್ಲಾ ಸೇರಿ ಹದಿನೆಂಟು ಸಾವಿರದ ಹತ್ತಿರ. ಮೊದಲು ಬಂದ ಫಿಲ್ಟರಿನ ಅಂಚಿನ ಗ್ಯಾಸ್ಕೆಟ್ ಹರಿದಿತ್ತು, ಮಾರಿದವರು ವಾಪಸ್ ತಗೊಳ್ಳಲಿಲ್ಲ. ಐದು ಸಾವಿರ ಹೋಯಿತು. ಡಿಸ್ಟಿಲ್ಡ್ ವಾಟರ್‌ಗೆ ಮಾತ್ರ ಒಂದು ಪೈಸೆ ಕೊಟ್ಟಿಲ್ಲ. ಒಂದು ಗಂಟೆ ಮಳೆ ಸುರಿದು ಗಾಳಿ ತೊಳೆದ ಮೇಲೆ ಅಂಗಳದ ಮಧ್ಯೆ ಸ್ಟೀಲ್ ಪಾತ್ರೆ ಇಟ್ಟರೆ ಸಾಕು. ಶುರುವಿನಿಂದಲೂ ಅದೇ ನೀರು.

ಮೊದಲ ಸಲ ಅರವತ್ತು ಬಾಟಲಿ ಮಾಡಿದ್ದೆ. ಐವತ್ತೈದು ಹೋದವು. ಹಸಿರು, ಕಪ್ಪು, ಕಿತ್ತಳೆ, ಎಲ್ಲಾ ಬಣ್ಣದ ಬೂಸ್ಟು. ಕೈ ಸರಿಯಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ಆಮೇಲೆ ಬೀಜ ಹಾಕದೆ ಬರೀ ಮೀಡಿಯಾ (ಬೀಜ ಬಿತ್ತುವ ಆ ಜೆಲ್ಲಿ) ಇಟ್ಟು ನೋಡಿದೆ. ನಾಲ್ಕನೇ ದಿನ ಅದರಲ್ಲೂ ಬಿಳಿ ಬ್ಯಾಕ್ಟೀರಿಯಾ. ಅಂದರೆ ತಪ್ಪು, ಆಟೋಕ್ಲೇವ್ ಬದಲು ನಾನು ಬಾಟಲಿ ಬೇಯಿಸುತ್ತಿದ್ದ ಕುಕ್ಕರಿನಲ್ಲಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನ ವೆಯಿಟ್ ಹದಿನೈದು ಪೌಂಡ್ ಹಿಡಿದರೂ ಒಳಗೆ 121 ಡಿಗ್ರಿ ಬರೋದಿಲ್ಲ, 119ರ ಆಸುಪಾಸು. ಎರಡೇ ಡಿಗ್ರಿ ಅಲ್ವಾ ಅನ್ನಬೇಡಿ. ಪುಸ್ತಕದ ಹದಿನೈದು ನಿಮಿಷ ಇಲ್ಲಿ ಸಾಲೋದಿಲ್ಲ. ನಾನು ಈಗ ಮೂವತ್ತು ನಿಮಿಷ ಇಡುತ್ತೇನೆ, ಬಾಟಲಿ ದೊಡ್ಡದಿದ್ದರೆ ಇನ್ನೂ ಜಾಸ್ತಿ. ಖಾಲಿ ಮೀಡಿಯಾ ಹತ್ತು ದಿನ ಕನ್ನಡಿಯ ಹಾಗೆ ನಿಂತಿದ್ದು ನೋಡಿದಾಗ ಎಷ್ಟು ಖುಷಿಯಾಯಿತು ಅಂದರೆ, ಆ ಬಾಟಲಿಯನ್ನು ವರ್ಷಗಟ್ಟಲೆ ಹಾಗೇ ಇಟ್ಟುಕೊಂಡಿದ್ದೆ.

2022ರ ಮಳೆಗಾಲದ್ದು ಬೇರೆ ಕಥೆ. ಎಂಬತ್ತು ಬಾಟಲಿ. ಜೂನ್‌ವರೆಗೆ ಒಂದೂ ಕೆಟ್ಟಿರಲಿಲ್ಲ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳು) ಒಂದೊಂದಾಗಿ ಶುರುವಾಯಿತು, ಹತ್ತೋ ಹನ್ನೊಂದೋ ಉಳಿದವು. ಈ ಸಲ ಬೂಸ್ಟು ಎಲ್ಲೆಂದರಲ್ಲಿ ಇರಲಿಲ್ಲ. ಮುಚ್ಚಳದ ಅಂಚಿನಿಂದ ಹೊರಟು ಚುಕ್ಕಿ ಇಟ್ಟ ಹಾಗೆ ಸಾಲಾಗಿ ಒಳಗೆ ಹೋಗಿತ್ತು. ಲೆನ್ಸ್ ಹಿಡಿದು ಕೂತೆ. ಸಾಲಿನ ತುದಿಯಲ್ಲಿ ಒಂದು ನುಸಿ. ಹಾಲು ಬಣ್ಣದ ಮೈ, ಎಂಟು ಕಾಲು, ಸಾಸಿವೆಗಿಂತ ಎಷ್ಟೋ ಸಣ್ಣದು. ನಡೆದಲ್ಲೆಲ್ಲಾ ಬೂಸ್ಟಿನ ಬೀಜ ಉದುರಿಸುತ್ತಾ ಹೋಗುತ್ತಿತ್ತು. ಅರ್ಧ ಗಂಟೆ ಅದನ್ನೇ ನೋಡಿದೆ. ವರ್ಷದ ಕೆಲಸ ಹಾಳು ಮಾಡಿದ್ದು ಅದೇ ಆದರೂ, ಕಾರಣ ಕಣ್ಣಿಗೆ ಬಿದ್ದ ದಿನದ ಸಮಾಧಾನವೇ ಬೇರೆ.

ಅಡಿಗೆಮನೆ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಾರಲ್ಲ ಇರುವೆಗೆ, ಹಾಗೆ ರ‍್ಯಾಕಿನ ಕಾಲಿಗೆ ಎಣ್ಣೆ ಬಟ್ಟಲು ಇಟ್ಟೆ. ರ‍್ಯಾಕ್ ಗೋಡೆಗೆ ತಾಗಬಾರದು. ಕೆಟ್ಟ ಬಾಟಲಿ ತೆರೆಯದೆ ಕುಕ್ಕರಿಗೆ ಹಾಕಬೇಕು. ಹಳೇ ಬೀರುವಿನೊಳಗೆ ಬಲ್ಬ್ ಉರಿಸಿ ಬಟ್ಟೆ ಒಣಗಿಡುವ ಹಾಗೆ ಬಾಟಲಿಗೂ ಮಾಡಿದೆ. ಮುಚ್ಚಳದ ಸುತ್ತ ಏನು ಸುತ್ತುತ್ತೇನೆ ಅನ್ನೋದನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಸುಮ್ನೆ ಕೂರಲಿಲ್ಲ. ಅಗರ್ ದುಬಾರಿ ಅಂತ ಅಂಗಡಿಯ ಚೈನಾ ಗ್ರಾಸ್, ಅಂದರೆ ಅಡಿಗೆಗೆ ಬಳಸುವ ಅಗರ್, ಹಾಕಿ ನೋಡಿದೆ. ಸ್ವಲ್ಪ ಮಬ್ಬು, ಸ್ವಲ್ಪ ಜಾಸ್ತಿ ಬೇಕು, ಆದರೆ ನಡೆಯುತ್ತದೆ. 1881ರಲ್ಲಿ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಅವರ ಲ್ಯಾಬಿಗೆ ಅಗರ್ ಸೂಚಿಸಿದ್ದು ಅಲ್ಲಿ ಕೆಲಸಕ್ಕಿದ್ದ ವಾಲ್ಟರ್ ಹೆಸ್ಸೆಯವರ ಹೆಂಡತಿ ಫ್ಯಾನಿ ಹೆಸ್ಸೆ, ಅದೂ ಅಡಿಗೆಮನೆಯ ಅನುಭವದಿಂದ. ಹಾಗಾಗಿ ಅದನ್ನು ಕಡಿಮೆ ದರ್ಜೆಯದ್ದು ಅನ್ನೋಕೆ ನನಗೆ ಮನಸ್ಸಿಲ್ಲ. ಇನ್ನೊಂದು, ಹೂಮಳೆ ಬಿದ್ದು ರೊಬಸ್ಟಾ ಅರಳಿದಾಗ ಪರಾಗವನ್ನು ಸ್ಲೈಡಿನ ಮೇಲೆ ಸಕ್ಕರೆ ನೀರಿನಲ್ಲಿ ಇಟ್ಟೆ. ಒಂದೆರಡು ಗಂಟೆಯಲ್ಲಿ ಕಾಳಿನಿಂದ ಕೊಳವೆ ಹೊರಟು ಉದ್ದವಾಗುತ್ತಾ ಹೋಯಿತು. ಪಕ್ಕದ ತೋಟದವರನ್ನು ಕರೆದು ತೋರಿಸಿದೆ. ಐವತ್ತು ವರ್ಷ ಕಾಫಿ ಬೆಳೆದವರು, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ.

2023ರ ಮೇ ತಿಂಗಳಲ್ಲಿ ಸೀತಾಳೆ ಹೂವಿಗೆ ನಾನೇ ಕೈಯಿಂದ ಪರಾಗ ಮುಟ್ಟಿಸಿದೆ. ಹಲ್ಲುಕಡ್ಡಿ ತುದಿ ತಾಗಿಸಿದರೆ ಹಳದಿ ಉಂಡೆ ಎರಡೂ ಅಂಟಿಕೊಂಡು ಬರುತ್ತವೆ. ಅದನ್ನು ಬೇರೆ ಗಿಡದ ಹೂವಿಗೆ ಒತ್ತಬೇಕು. ಹೂ ಬಾಡಿ, ಹಿಂದಿನ ತೊಟ್ಟು ಉಬ್ಬಲು ಶುರುವಾದರೆ ಗೆದ್ದ ಹಾಗೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ವಾರ ಕಾಯಿ ಹಸಿರಿದ್ದಾಗಲೇ ಕಿತ್ತೆ. ಸ್ಪಿರಿಟ್‌ನಲ್ಲಿ ಅದ್ದಿ, ಉರಿಗೆ ಹಿಡಿದು, ಮತ್ತೆ ಅದ್ದಿ, ಮೂರು ಸಲ. ಸೀಳಿದರೆ ಒಳಗೆ ಹತ್ತಿಯಂಥ ನೂಲು, ಅದರಲ್ಲಿ ಪೌಡರಿನಂಥ ಬೀಜ. ಮೀಡಿಯಾಕ್ಕೆ ಅರ್ಧ ಪ್ರಮಾಣದ ಎಂ.ಎಸ್. (ಗಿಡಕ್ಕೆ ಬೇಕಾದ ಲವಣಗಳ ಮಿಶ್ರಣ), ಎಳನೀರು, ಇದ್ದಿಲ ಪುಡಿ, ಒಂದಿಷ್ಟು ಬಾಳೆಹಣ್ಣು. ಯಾವ ಬಾಳೆ, ಎಷ್ಟು ಹಣ್ಣಾಗಿರಬೇಕು ಅಂತ ಕೇಳಬೇಡಿ, ಅದಕ್ಕೆ ಎರಡು ವರ್ಷ ಹೋಗಿದೆ. ಕಾಡಿನಲ್ಲಿ ಇಂಥ ಬೀಜ ಮೊಳೆಯಲು ಒಂದು ಬಗೆಯ ಬೂಸ್ಟು ಬೇಕು; ಬಾಟಲಿಯಲ್ಲಿ ಅದರ ಸಹಾಯ ಬೇಡ, ಸಕ್ಕರೆ ಸಾಕು ಅಂತ ಅಮೆರಿಕದ ಸಸ್ಯವಿಜ್ಞಾನಿ ನಡ್ಸನ್ 1922ರಲ್ಲೇ ತೋರಿಸಿದ್ದರು. ಐವತ್ತು ಬಾಟಲಿಯಲ್ಲಿ ಕೆಟ್ಟದ್ದು ಆರು.

ಆರೇಳು ವಾರ ಏನೂ ಇಲ್ಲ. ಆದರೂ ದಿನಾ ಕಾಫಿ ಲೋಟ ಹಿಡಿದು ಹೋಗಿ ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಿದ್ದೆ. ಜನವರಿಯ ಒಂದು ಮಂಜಿನ ಬೆಳಿಗ್ಗೆ, ಹದಿನೇಳನೇ ನಂಬರಿನಲ್ಲಿ ಪುಡಿಯ ಬಣ್ಣ ತಿರುಗಿತ್ತು. ಲೆನ್ಸಿನಲ್ಲಿ ನೋಡಿದರೆ ರಾಗಿಗಿಂತ ಸಣ್ಣ ಹಸಿರು ಗುಂಡು, ನೂರಾರು. ಕೆಲವಕ್ಕೆ ಬುಡದಲ್ಲಿ ಬಿಳಿ ರೋಮ. ಮನೆಯವರೆಲ್ಲರನ್ನೂ ಎಬ್ಬಿಸಿದೆ.

ಮುಂದೆ ಬಾಟಲಿ ಬದಲಿಸಿದ್ದು ನಾಲ್ಕು ಸಲ. 2024ರ ಜುಲೈನಲ್ಲಿ ನಾಲ್ಕು ದಿನ ಕರೆಂಟ್ ಇಲ್ಲದಿದ್ದರೂ ಗಿಡಕ್ಕೆ ಏನೂ ಆಗಲಿಲ್ಲ. ತಪ್ಪಿದ್ದು ಹೊರಗೆ ತಂದಾಗ. ಅವಸರಕ್ಕೆ 2025ರ ಜೂನ್‌ನಲ್ಲಿ ಮೂವತ್ತು ಸಸಿ ಮರಕ್ಕೆ ಕಟ್ಟಿದೆ, ಮಳೆಗೆ ಕೊಳೆತು ಐದಾರು ಉಳಿದವು. ಉಳಿದ ಬಾಟಲಿಗಳನ್ನು ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಮುಗಿಯುವವರೆಗೆ ತಡೆದು, ತೆಂಗಿನ ನಾರಿನಲ್ಲಿ ಕಟ್ಟಿದೆ. ಬೇರಿನ ತುದಿ ಹಸಿರಿರುವಾಗಲೇ ಕಟ್ಟಬೇಕು, ಆಗಲೇ ತೊಗಟೆ ಹಿಡಿಯುತ್ತದೆ.

ಹದಿನೇಳನೇ ಬಾಟಲಿಯ ಸಸಿ ಮರದ ಕೆಳಗಿನ ಕವಲಿನಲ್ಲಿದೆ. ಎಲೆ ನನ್ನ ಕಿರುಬೆರಳಷ್ಟು ಉದ್ದ. ಹೂ ಬಿಡಲು ಇನ್ನೂ ಕೆಲವು ವರ್ಷ ಬೇಕು. ಮುಂದಿನ ಕಾಯಿಗೆ ಈಗಲೇ ದಾರ ಕಟ್ಟಿ ಗುರುತು ಮಾಡಿದ್ದೇನೆ.